ಭಾವನ ಪಿಸ್ತೂಲು

ಜಡಿಗೇನಹಳ್ಳಿ ಹೋಬಳಿಯಲ್ಲಿ ಆಯುಧಗಳಿಗೆ ಎಂದೂ ಬರ ಬಂದದ್ದಿಲ್ಲ. ಮಳೆಗೆ ಬಂದಿದೆ, ಕೊಳವೆ ಬಾವಿಗೆ ಬಂದಿದೆ, ರೈತನ ಮಗನಿಗೆ ಹೆಣ್ಣು ಕೊಡುವವರಿಗೂ ಬಂದಿದೆ. ಮಚ್ಚು, ಕುಡುಗೋಲು, ಕೊಡಲಿ, ಹಾರೆಗಳಿಗೆ ಮಾತ್ರ ಬಂದಿಲ್ಲ. ಇವುಗಳಿಗೆ ಪರವಾನಗಿ ಬೇಡ, ತರಬೇತಿ ಬೇಡ. ಹೊಸಕೋಟೆಯಿಂದ ತಂದು ಹಿಡಿ ಹಾಕಿಸಿದರೆ ಮಧ್ಯಾಹ್ನದೊಳಗೆ ನೀಲಗಿರಿ ತೋಪಿನಲ್ಲಿ ಕೆಲಸಕ್ಕೆ ಹತ್ತಿರುತ್ತವೆ. ಇಂಥ ಊರಿಗೆ ನಮ್ಮ ಭಾವ ಒಂದು ಪಿಸ್ತೂಲು ತಂದರು. ಅದು ಕೆಲಸಕ್ಕೆ ಹತ್ತುವ ಮಾತಿರಲಿ, ಬಾಯಿಯನ್ನೇ ಬಿಡಲಿಲ್ಲ.

ಬಾಯಿ ಎಂದರೆ ಸ್ಲೈಡು. ಪಿಸ್ತೂಲಿನ ಮೇಲ್ಭಾಗದಲ್ಲಿ ನಳಿಗೆಯನ್ನು ಮುಚ್ಚಿಕೊಂಡು ಕೂತ ಉಕ್ಕಿನ ದಿಮ್ಮಿ ಅದು. ಅದನ್ನು ಹಿಂದಕ್ಕೆಳೆದು ಬಿಟ್ಟರೆ ಹಿಡಿಯೊಳಗೆ ಸಾಲಾಗಿ ಗುಂಡು ತುಂಬಿಡುವ ಮ್ಯಾಗಜೀನಿನ ತುದಿಯಲ್ಲಿ ಕೂತ ಗುಂಡು ನಳಿಗೆಯೊಳಕ್ಕೆ ಹೋಗುತ್ತದೆ. ಎಳೆಯದಿದ್ದರೆ ಪಿಸ್ತೂಲೂ ಒಂದೇ, ಅಷ್ಟೇ ತೂಕದ ಕಲ್ಲೂ ಒಂದೇ. ಸಿನಿಮಾದಲ್ಲಿ ಖಳನಾಯಕ ಸಿಗರೇಟು ಕಚ್ಚಿಕೊಂಡು ಎರಡೇ ಬೆರಳಲ್ಲಿ ಇದನ್ನು ಚಕ್ಕೆಂದು ಎಳೆಯುತ್ತಾನೆ. ಭಾವ ಎರಡು ಬೆರಳಲ್ಲಿ ಎಳೆದರು, ಮೂರು ಬೆರಳಲ್ಲಿ ಎಳೆದರು, ಪಂಚೆ ಎತ್ತಿ ಕಟ್ಟಿ ಎಳೆದರು. ಸ್ಲೈಡು ಒಂದು ಎಳ್ಳಿನಷ್ಟು ಹಿಂದೆ ಸರಿದು ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಿತು. ಯಾವ ಕಾರ್ಖಾನೆಯದೆಂದು ಹೇಳುವುದು ಬೇಡ. ಹೊಸದರ ಬಿಗಿ ಎಲ್ಲ ಕಾರ್ಖಾನೆಗಳ ಪಿಸ್ತೂಲಿಗೂ ಇದೆ.

ಭಾವನಿಗೆ ಪಿಸ್ತೂಲು ಯಾಕೆ ಬೇಕಾಯಿತು ಎಂದು ಕೇಳುವವರು ಹೊಸಕೋಟೆ ತಾಲ್ಲೂಕನ್ನು ಈಚೆಗೆ ನೋಡಿಲ್ಲ ಎಂದರ್ಥ. ರಾಗಿ ಹೊಲ ಇದ್ದಲ್ಲಿ ಗೋದಾಮು ಎದ್ದಿದೆ, ಗೋದಾಮಿನ ಪಕ್ಕ ಬಡಾವಣೆಯ ಕಲ್ಲು ನಿಂತಿದೆ, ಹೊಸಕೋಟೆಯಿಂದ ಚೆನ್ನೈ ಕಡೆಗೆ ಎಕ್ಸ್‌ಪ್ರೆಸ್ ಹೆದ್ದಾರಿ ಹೊರಟಿದೆ. ಭಾವನ ಜಮೀನಿನ ಒಂದು ಅಂಚು ರಸ್ತೆಗೆ ಹೋಗಿ ಪರಿಹಾರ ಬಂತು. ಉಳಿದ ಜಮೀನಿನಲ್ಲಿ ಗುಲಾಬಿ, ದಪ್ಪಮೆಣಸಿನಕಾಯಿ, ತೋಟದ ಮಧ್ಯೆ ಒಂಟಿ ಮನೆ. ತರಕಾರಿ ದುಡ್ಡು ಕೈಯಲ್ಲಿ ಹಿಡಿದು ಕತ್ತಲಲ್ಲಿ ಬರಬೇಕು. ಹೀಗೆಂದು ಅರ್ಜಿಯಲ್ಲಿ ಬರೆದರು. ಬರೆಯದೆ ಬಿಟ್ಟ ಕಾರಣವೂ ಒಂದಿತ್ತು. ಪಕ್ಕದ ಊರಿನ ಅವರ ಷಡ್ಡಕರು ಆಗಲೇ ಒಂದು ಇಟ್ಟುಕೊಂಡಿದ್ದರು.

ಬೆಂಗಳೂರು ನಗರದವರಿಗೆ ಪೊಲೀಸ್ ಕಮಿಷನರು ಪರವಾನಗಿ ಕೊಡುತ್ತಾರೆ. ಗ್ರಾಮಾಂತರದ ನಮಗೆ ಜಿಲ್ಲಾಧಿಕಾರಿಗಳು. ಹಾಗಾಗಿ ಭಾವ ದೇವನಹಳ್ಳಿ ದಾಟಿ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಅಲೆದರು. ಠಾಣೆಯವರು ಬಂದು ಅಕ್ಕಪಕ್ಕದವರನ್ನು ಕೇಳಿ ಹೋದರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಹಿಡಿಯುವುದು, ಇಡುವುದು ಗೊತ್ತಿದೆಯೆಂಬ ತರಬೇತಿ ಪ್ರಮಾಣಪತ್ರವೂ ಬೇಕು. ಅದನ್ನೂ ತಂದರು. ತರಬೇತಿಯಲ್ಲಿ ಅವರ ಕೈಗೆ ಕೊಟ್ಟದ್ದು ಎಷ್ಟೋ ಜನ ಎಳೆದೆಳೆದು ಪಳಗಿಸಿದ ಹಳೆಯ ಆಯುಧ. ಅದರ ಸ್ಲೈಡು ಕರೆದ ಕೂಡಲೇ ಬರುತ್ತಿತ್ತು. ಭಾವ ಅದನ್ನು ತಮ್ಮ ಕೈಗುಣ ಎಂದುಕೊಂಡಿದ್ದರು.

ಪಿಸ್ತೂಲಿನ ಅಳತೆಯ ಬಗ್ಗೆಯೂ ಭಾವನಿಗೆ ದೊಡ್ಡ ಆಸೆಯಿತ್ತು. ಅಮೆರಿಕದವರ ಹಾಗೆ .45 ಬೇಕು ಎಂದಿದ್ದರು. ಅದರ ಗುಂಡು ಹನ್ನೊಂದೂವರೆ ಮಿಲಿಮೀಟರ್ ದಪ್ಪ, ಹದಿನೈದು ಗ್ರಾಂ ತೂಕ. ಫಿಲಿಪ್ಪೀನ್ಸಿನ ಕಾಳಗಗಳಲ್ಲಿ ಸಣ್ಣ ಗುಂಡು ಸಾಲದೆ ಹೋಯಿತೆಂದು ಅಮೆರಿಕದ ಸೈನ್ಯ 1911ರಲ್ಲಿ ಅದನ್ನು ಒಪ್ಪಿಕೊಂಡು ಮುಕ್ಕಾಲು ಶತಮಾನದಷ್ಟು ಕಾಲ ಸೊಂಟದಲ್ಲಿ ಇಟ್ಟುಕೊಂಡಿತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕ ಬೇರೆ. ಸೈನ್ಯದವರು, ಪೊಲೀಸರು ಬಳಸುವ 9 ಮಿಲಿಮೀಟರಿನಂಥ ತೋಟಾ ಹಿಡಿಸುವ ಕೈಬಂದೂಕು ಸಾಮಾನ್ಯ ಪ್ರಜೆಗೆ ನಿಷಿದ್ಧ. ಕದ್ದ ಸರ್ಕಾರಿ ಗುಂಡು ಖಾಸಗಿ ಬಂದೂಕಿಗೆ ಹೊಂದಬಾರದು ಎಂಬ ಮುಂದಾಲೋಚನೆ ಅದು. ಜಿಲ್ಲಾಧಿಕಾರಿಗಳು ಕೊಡಬಹುದಾದ ಪರವಾನಗಿಯಲ್ಲಿ ಜನ ಕೊಳ್ಳುವುದು ಬಹುಪಾಲು .32. ಅಂದರೆ ಅಂಗುಲವನ್ನು ನೂರು ಮಾಡಿದರೆ ಮೂವತ್ತೆರಡು ಪಾಲು, ಸುಮಾರು ಎಂಟು ಮಿಲಿಮೀಟರ್; ಗುಂಡಿನ ತೂಕ ಐದು ಗ್ರಾಂ ಕೂಡ ಇಲ್ಲ. ಅಮೆರಿಕದವರ ಕಣ್ಣಿಗೆ ಅದು ಹೆಂಗಸರ ಕೈಚೀಲದ ಸಾಮಾನು. ಜಡಿಗೇನಹಳ್ಳಿಯಲ್ಲಿ ಮಾತ್ರ ಅದಕ್ಕಿಂತ ದೊಡ್ಡದು ಯಾರ ಬಳಿಯೂ ಇಲ್ಲವಾದ್ದರಿಂದ ಅದೇ ದೊಡ್ಡದು.

ಭಾವನಿಗೆ ಸಮಾಧಾನವಾಗಲಿಲ್ಲ. "ಇಷ್ಟು ಚಿಕ್ಕದಕ್ಕೇ ಇಷ್ಟು ಬಿಗಿ ಇದ್ರೆ, ದೊಡ್ಡದು ಇನ್ನೆಷ್ಟಿರಬಹುದು ಕಣೋ?" ಎಂದು ನನ್ನನ್ನು ಕೇಳಿದರು. ಸೋಜಿಗವೆಂದರೆ ಚಿಕ್ಕದೇ ಕೆಲವೊಮ್ಮೆ ಹೆಚ್ಚು ಬಿಗಿ. .32 ತೋಟಾವನ್ನೂ, ಆ .45 ಪಿಸ್ತೂಲನ್ನೂ ಕಂಡುಹಿಡಿದವನು ಒಬ್ಬನೇ, ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. ಬಂದೂಕು ರಿಪೇರಿ ಮಾಡುವವನ ಮಗ. ಅವನು ದೊಡ್ಡ ಪಿಸ್ತೂಲಿನಲ್ಲಿ ನಳಿಗೆಯನ್ನೂ ಸ್ಲೈಡನ್ನೂ ಹಲ್ಲಿಗೆ ಹಲ್ಲು ಕಚ್ಚಿಸಿಬಿಟ್ಟ. ಗುಂಡು ಹಾರಿದಾಗ ಎರಡೂ ಜೊತೆಯಾಗಿ ಸ್ವಲ್ಪ ದೂರ ಹಿಂದೆ ಬಂದು, ಆಮೇಲೆ ನಳಿಗೆ ಕೆಳಗಿಳಿದು ಸ್ಲೈಡನ್ನು ಬಿಟ್ಟುಕೊಡುತ್ತದೆ. ಅಷ್ಟರಲ್ಲಿ ಹೊಗೆಯ ಒತ್ತಡ ಇಳಿದಿರುತ್ತದೆ. ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿಗೆ ಉಳಿದ ಕೆಲಸ ಮಾತ್ರ. ಚಿಕ್ಕ ಪಿಸ್ತೂಲಿಗೆ ಈ ಏರ್ಪಾಡು ದಂಡದ ಖರ್ಚೆಂದು ಅವನು ಬೀಗ ಹಾಕಲೇ ಇಲ್ಲ. ಗುಂಡು ಮುಂದೆ ಹೋಗುವಾಗ ಸ್ಲೈಡು ಅಷ್ಟೇ ರಭಸದಿಂದ ಹಿಂದೆ ಬರಲು ನೋಡುತ್ತದೆ. ಅದನ್ನು ತಡೆಯಲು ಇರುವವು ಎರಡೇ, ಸ್ಲೈಡಿನ ಸ್ವಂತ ತೂಕ ಮತ್ತು ಸ್ಪ್ರಿಂಗಿನ ಹಟ. ತೂಕ ಹೆಚ್ಚಿಸಿದರೆ ಜೇಬು ಜೋಲುತ್ತದೆ, ಹಾಗಾಗಿ ಹಟ ಹೆಚ್ಚಿಸಿದರು. ದೊಡ್ಡ .45ರ ಸ್ಪ್ರಿಂಗು ಹದಿನಾರು ಪೌಂಡು, ನಮ್ಮ ಲೆಕ್ಕದಲ್ಲಿ ಏಳು ಕಿಲೋ ಚಿಲ್ಲರೆ. ಚಿಕ್ಕವುಗಳಲ್ಲಿ ಇದಕ್ಕೆ ಸಮನಾಗಿ ನಿಲ್ಲುವವೂ ಉಂಟು, ಹಿಡಿದೆಳೆಯಲು ಜಾಗ ಮಾತ್ರ ಅರ್ಧ.

ಇದರ ಮೇಲೆ ಹೊಸತನದ ಬಿಗಿ. ಕಾರ್ಖಾನೆಯಲ್ಲಿ ಉಕ್ಕು ಕೊರೆದ ಗೆರೆಗಳು ಸ್ಲೈಡು ಓಡುವ ಕಾಲುವೆಯಲ್ಲಿ ಇನ್ನೂ ಒರಟಾಗಿರುತ್ತವೆ. ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ಗೋದಾಮಿನಲ್ಲಿ ಕೂತು ಕೂತು ಅಂಟಾಗಿರುತ್ತದೆ. ಅದೂ ಸಾಲದೆಂಬಂತೆ ಸ್ಲೈಡು ಹಿಂದೆ ಬರುವಾಗ ಒಳಗಿನ ಕುದುರೆಯನ್ನೂ, ಅಂದರೆ ಹ್ಯಾಮರನ್ನೂ, ಬಾಗಿಸಬೇಕು, ಅದರ ಸ್ಪ್ರಿಂಗಿನ ಭಾರವೂ ನಮ್ಮ ಬೆರಳ ಮೇಲೇ. ಕುದುರೆ ಹೊರಗೆ ಕಾಣುವ ಪಿಸ್ತೂಲಾದರೆ ಮೊದಲು ಹೆಬ್ಬೆರಳಲ್ಲಿ ಅದನ್ನು ಎತ್ತಿ ನಿಲ್ಲಿಸಿ ಆಮೇಲೆ ಸ್ಲೈಡು ಎಳೆಯಬಹುದು. ಎಷ್ಟೋ ಭಾರ ಅಲ್ಲೇ ಇಳಿಯುತ್ತದೆ. ಇಂಥ ಸರಳ ಸಂಗತಿಗಳನ್ನು ಅಂಗಡಿಯವರು ಹೇಳುವುದಿಲ್ಲ. ರಸೀದಿ ಬರೆಯುವುದರಲ್ಲೇ ಅವರ ದಿನ ಮುಗಿದಿರುತ್ತದೆ.

ನಮ್ಮೂರಿನಲ್ಲಿ ಗುಟ್ಟು ಉಳಿಯುವುದಿಲ್ಲ, ಸಲಹೆ ತೀರುವುದಿಲ್ಲ. ಭಾವನ ಪಿಸ್ತೂಲು ಬಾಯಿ ಬಿಡುತ್ತಿಲ್ಲ ಎಂಬ ಸುದ್ದಿ ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಹರಡಿತು. ಒಬ್ಬರು ಹರಳೆಣ್ಣೆ ಬಿಡಿ ಎಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆ ಎಂದರು. ಕೊಬ್ಬರಿ ಎಣ್ಣೆ ಮಾಗಿಯ ಚಳಿಗೆ ಗಟ್ಟಿಯಾಗುತ್ತದೆ, ಹರಳೆಣ್ಣೆ ಗಾಳಿಗೆ ಅಂಟಾಗುತ್ತದೆ. ಎರಡೂ ತಲೆಗೆ ಸರಿ, ಪಿಸ್ತೂಲಿಗಲ್ಲ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆ ಇವೆರಡಕ್ಕಿಂತ ಲೇಸು, ಅದೂ ತೊಟ್ಟು ಲೆಕ್ಕದಲ್ಲಿ. ಟ್ರ್ಯಾಕ್ಟರ್ ಓಡಿಸುವ ಹುಡುಗ ಸುತ್ತಿಗೆಯಲ್ಲಿ ಒಂದು ಮೆಲ್ಲಗೆ ಬಿಡಣ್ಣ ಎಂದ. ಎಲ್ಲರಿಗಿಂತ ಅಪಾಯದ ಸಲಹೆ ಕೊಟ್ಟವನು ಲೇಥಿನ ಕೆಲಸ ಬಲ್ಲವನು. ಸ್ಪ್ರಿಂಗಿನಲ್ಲಿ ಎರಡು ಸುತ್ತು ಕತ್ತರಿಸಿದರೆ ಬೆಣ್ಣೆಯಂತಾಗುತ್ತದೆ ಎಂದ. ಭಾವನ ಮುಖ ಅರಳಿತು.

ಆಗುವುದು ಹೌದು, ಬೆಣ್ಣೆಯಂತೆಯೇ ಆಗುತ್ತದೆ. ಆಮೇಲೆ ಗುಂಡು ಹಾರಿದಾಗ ಸ್ಲೈಡು ಬೇಗ ತೆರೆದುಕೊಂಡು ಹಿಂದಿನ ಚೌಕಟ್ಟಿಗೆ ಬಡಿಯುತ್ತದೆ. ವಾಪಸು ಹೋಗುವಾಗ ಮುಂದಿನ ಗುಂಡನ್ನು ತಳ್ಳಿಕೊಂಡು ಹೋಗುವ ಕಸುವು ಇಲ್ಲದೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಯುವಾಗ ನಮಗೆ ತೊಂದರೆ ಕೊಡುವ ಆ ಬಿಗಿಯೇ ಬಿಟ್ಟಾಗ ಪಿಸ್ತೂಲಿನ ಕೆಲಸ ಮಾಡುವುದು. ಮತ್ತೆ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡಲೂ ಪರವಾನಗಿ ಬೇಕು. ಪಂಪಿನ ಶಾಫ್ಟು ಕಡೆಯುವ ಲೇಥಿಗೆ ಅದು ಇರುವುದಿಲ್ಲ. ಎರಡು ಸುತ್ತು ಸ್ಪ್ರಿಂಗು ಕತ್ತರಿಸಲು ಹೋದರೆ ಭಾವ ಬೀರಸಂದ್ರದ ಬದಲು ಹೊಸಕೋಟೆ ಕೋರ್ಟಿಗೆ ಅಲೆಯಬೇಕಾಗುತ್ತಿತ್ತು.

ತಡೆದವರು ಸುಬೇದಾರ್ ತಾತ. ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದು ನಿವೃತ್ತರಾದವರು. ಮಾತು ಕಡಿಮೆ, ಮೀಸೆ ಹೆಚ್ಚು. ಜಗಲಿಯ ಮೇಲೆ ಕೂತು ಎಲ್ಲರ ಸಲಹೆಯನ್ನೂ ಕೇಳಿಸಿಕೊಂಡರು. ಭಾವ ಪಿಸ್ತೂಲನ್ನು ಅವರ ಕಡೆ ಚಾಚಿದಾಗ ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡರು. "ಲೈಸೆನ್ಸು ನಿನ್ನ ಹೆಸರಲ್ಲೈತೆ ಕಣಪ್ಪ. ನಾನು ಮುಟ್ಟಾಕಿಲ್ಲ. ನಾನು ಹೇಳ್ತೀನಿ, ನೀನು ಮಾಡು" ಎಂದರು. ಸುತ್ತ ಕೈ ಚಾಚಿಕೊಂಡು ನಿಂತಿದ್ದ ಹುಡುಗರೆಲ್ಲ ಒಬ್ಬೊಬ್ಬರಾಗಿ ಕೈಗಳನ್ನು ಜೇಬಿಗೆ ಇಳಿಸಿದರು. ಒಂದು ಆಯುಧವನ್ನು ಮುಟ್ಟದೆಯೂ ಅದರ ಮೇಲೆ ಅಧಿಕಾರ ನಡೆಸಬಹುದೆಂದು ಅವತ್ತು ತಿಳಿಯಿತು.

ಮೊದಲ ಪಾಠ ಎಳೆಯುವುದಾಗಿರಲಿಲ್ಲ. ಮ್ಯಾಗಜೀನ್ ತೆಗೆದು ಒಳಗೆ ಇಡು ಎಂದರು. ಗುಂಡಿನ ಡಬ್ಬಿಯನ್ನು ಬೇರೆ ಕೋಣೆಗೆ ಕಳಿಸಿದರು. ಬೆರಳನ್ನು ಟ್ರಿಗರಿನಿಂದ ಆಚೆ, ಚೌಕಟ್ಟಿನ ಉದ್ದಕ್ಕೆ ಚಾಚಿಸಿದರು. ನಳಿಗೆಯನ್ನು ಗೊಬ್ಬರದ ಗುಂಡಿಯ ಕಡೆಗೆ ತಿರುಗಿಸಿದರು. ಬಿಗಿ ಸ್ಲೈಡಿನ ನಿಜವಾದ ಅಪಾಯ ಇಲ್ಲಿದೆ ಎಂದು ಅವರು ವಿವರಿಸಿದರು. ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಎಳೆಯುವವನು ಬಿಗಿ ಕಂಡೊಡನೆ ತನಗೆ ತಿಳಿಯದೆ ಪಿಸ್ತೂಲನ್ನು ಅಡ್ಡ ತಿರುಗಿಸಿ ಹೊಟ್ಟೆಗೆ ಒತ್ತಿಕೊಳ್ಳುತ್ತಾನೆ. ಆಗ ಅದರ ನಳಿಗೆ ಎಡಗಡೆ ನಿಂತವರ ಕಡೆಗೆ ತಿರುಗುತ್ತದೆ. ಇವನ ಕಣ್ಣೆಲ್ಲ ಸ್ಲೈಡಿನ ಮೇಲೆ. ಬಲ ಹಾಕುವ ಭರದಲ್ಲಿ ಬೆರಳೂ ಮಡಚಿ ಟ್ರಿಗರಿಗೆ ಹೋಗುತ್ತದೆ. ಅವರು ಇದನ್ನು ಹೇಳುವಾಗ ಭಾವನ ಎಡಗಡೆ ನಿಂತಿದ್ದವನು ನಾನು. ಬಲಗಡೆಗೆ ಬಂದೆ. ತಾತ ನನ್ನ ಕಡೆ ನೋಡಿ, "ಹಿಂದಕ್ಕೆ ಬಾ" ಎಂದರು.

ಆಮೇಲೆ ಎಳೆಯುವ ಪಾಠ. ಎರಡು ಬೆರಳಲ್ಲಿ ಚಿವುಟಬೇಡ, ಎಡ ಅಂಗೈಯನ್ನು ಸ್ಲೈಡಿನ ಹಿಂಭಾಗದ ಮೇಲೆ ಕವುಚಿ ಹಾಕು, ನಾಲ್ಕು ಬೆರಳು ಒಂದು ಪಕ್ಕ, ಅಂಗೈಯ ಬುಡ ಇನ್ನೊಂದು ಪಕ್ಕ, ಖಾಲಿ ತೋಟಾ ಹಾರುವ ಕಿಂಡಿಯನ್ನು ಮುಚ್ಚಬೇಡ ಎಂದರು. ಭಾವ ಹಾಗೇ ಹಿಡಿದರು. ಎಳೆದರು. ಅರ್ಧ ಬಂತು, ನಿಂತಿತು. ಹಣೆಯಲ್ಲಿ ಬೆವರು ಕಾಣಿಸಿತು. ತಾತ ಹೇಳುತ್ತಲೇ ಇದ್ದರು, ಭಾವ ಎಳೆಯುತ್ತಲೇ ಇದ್ದರು, ಸ್ಲೈಡು ಅರ್ಧಕ್ಕೆ ಬಂದು ಹಿಂದಿರುಗುತ್ತಲೇ ಇತ್ತು.

ಇದನ್ನೆಲ್ಲ ಅಡುಗೆಮನೆ ಬಾಗಿಲಿಂದ ನೋಡುತ್ತಿದ್ದ ಅಕ್ಕ ಅಲ್ಲಿಂದಲೇ ಹೇಳಿದಳು: "ಕೈಯಾಗೆ ಎಳೀಬ್ಯಾಡ್ರೀ, ಮೈಯಾಗೆ ತಳ್ಳಿ. ಮುದ್ದೆ ಕೋಲು ತಿರುವೋ ಹಂಗೆ." ಹತ್ತು ಆಳಿಗೆ ಮುದ್ದೆ ತೊಳಸುವವಳು ಅವಳು. ರಾಗಿ ಹಿಟ್ಟು ಕುದಿಯುವ ಪಾತ್ರೆಯಲ್ಲಿ ಕೋಲು ಹಾಕಿ ಬರೀ ಮುಂಗೈಯಿಂದ ತಿರುವಲು ಹೋದರೆ ಎರಡು ಸುತ್ತಿಗೆ ಕೈ ಸೋಲುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಭುಜ ಸೊಂಟ ಸೇರಿಸಿ ದೂಡಿದರೆ ಹತ್ತು ಮುದ್ದೆಯ ಹಿಟ್ಟೂ ಮಾತು ಕೇಳುತ್ತದೆ. ಭಾವ ಅಸಡ್ಡೆಯಿಂದ ನಕ್ಕರು. ಸುಬೇದಾರ್ ತಾತ ನಗಲಿಲ್ಲ. "ನಿನ್ನ ಹೆಂಡ್ರು ಸರಿಯಾಗಿ ಹೇಳವ್ರೆ" ಎಂದರು. ಪಿಸ್ತೂಲನ್ನು ಎದೆಯ ಹತ್ತಿರಕ್ಕೆ ತರಿಸಿ, ನಳಿಗೆ ನೇರ ಮುಂದಕ್ಕೇ ಇರುವಂತೆ ಇಡಿಸಿ, ಎಡಗೈ ಸ್ಲೈಡನ್ನು ಹಿಡಿದು ನಿಂತಲ್ಲೇ ನಿಲ್ಲಲಿ, ಬಲಗೈ ಪಿಸ್ತೂಲನ್ನೇ ಮುಂದಕ್ಕೆ ದೂಡಲಿ ಎಂದರು. ಭಾವ ದೂಡಿದರು. ಸ್ಲೈಡು ಪೂರ್ತಿ ಹಿಂದೆ ಬಂದು, ಬಿಟ್ಟ ಕೂಡಲೇ ಠಣ್ಣೆಂದು ಮುಂದೆ ಹೋಯಿತು. ಜಗಲಿಯ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಭಾವ ಗೆದ್ದವರಂತೆ ಎಲ್ಲರನ್ನೂ ನೋಡಿದರು, ಅಡುಗೆಮನೆ ಬಾಗಿಲೊಂದನ್ನು ಬಿಟ್ಟು.

ಬರೀ ಕೈಯಲ್ಲಿ ಎಳೆಯುವುದಕ್ಕಿಂತ ಮೈ ಸೇರಿಸಿ ದೂಡುವುದರಲ್ಲಿ ಬಲ ಹೆಚ್ಚು ಎಂಬುದಷ್ಟೇ ಇದರ ಮರ್ಮ. ಬಿಡುವಾಗಲೂ ಒಂದು ನೀತಿಯಿದೆ. ಕೈಯನ್ನು ಸ್ಲೈಡಿನ ಜೊತೆಗೇ ನಿಧಾನವಾಗಿ ಮುಂದಕ್ಕೆ ಕಳಿಸಿಕೊಡಬಾರದು. ಮನೆಗೆ ಬಂದ ಅಳಿಯನನ್ನು ಊರ ಬಾಗಿಲ ತನಕ ಬಿಟ್ಟುಬರುವ ಮರ್ಯಾದೆ ಇಲ್ಲಿ ನಡೆಯುವುದಿಲ್ಲ. ಬಿಡು ಎಂದರೆ ಬಿಟ್ಟುಬಿಡಬೇಕು. ಇಲ್ಲವಾದರೆ ಗುಂಡು ನಳಿಗೆಗೆ ಸರಿಯಾಗಿ ಕೂರುವುದಿಲ್ಲ.

ಹೊಸ ಪಿಸ್ತೂಲನ್ನು ಪಳಗಿಸಲು ಅಮೆರಿಕದವರಿಗೆ ಸುಲಭದ ಉಪಾಯವಿದೆ. ಇನ್ನೂರು ಮುನ್ನೂರು ಗುಂಡು ಹಾರಿಸಿ ಎನ್ನುತ್ತಾರೆ. ಉಕ್ಕು ಉಕ್ಕನ್ನು ಉಜ್ಜಿ ನಯವಾಗುತ್ತದೆ, ಸ್ಪ್ರಿಂಗು ಹದಕ್ಕೆ ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ ಇಷ್ಟು, ಒಂದು ಸಲಕ್ಕೆ ಇಷ್ಟು ಎಂದು ಪರವಾನಗಿ ಪುಸ್ತಕದಲ್ಲೇ ಬರೆದಿರುತ್ತಾರೆ. ಕೊಂಡದ್ದಕ್ಕೆ ಲೆಕ್ಕ, ಹಾರಿಸಿದ್ದಕ್ಕೂ ಲೆಕ್ಕ. ಅಮೆರಿಕದವರು ಒಂದು ವಾರದಲ್ಲಿ ಪಳಗಿಸುವ ಪಿಸ್ತೂಲನ್ನು ಆ ಲೆಕ್ಕದಲ್ಲಿ ಪಳಗಿಸಲು ಭಾವನಿಗೆ ಅರುವತ್ತರ ಶಾಂತಿ ಕಳೆಯಬೇಕು. ಹಾಗಾಗಿ ಖಾಲಿ ಪಿಸ್ತೂಲನ್ನೇ ದಿನವೂ ಎಳೆದು ಬಿಟ್ಟು ಪಳಗಿಸುವುದೊಂದೇ ದಾರಿ. ಸ್ಲೈಡನ್ನು ಹಿಂದಕ್ಕೆ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟರೆ ಸಡಿಲವಾಗುತ್ತದೆ ಎನ್ನುವವರೂ ಇದ್ದಾರೆ. ಸ್ಪ್ರಿಂಗು ದಣಿಯುವುದು ಹೆಚ್ಚಾಗಿ ಹಿಗ್ಗಿ ಕುಗ್ಗಿಯೇ ಹೊರತು ಕೂತಲ್ಲಿ ಕೂತು ಅಲ್ಲ. ಈ ಮಾತು ನಮ್ಮೂರ ಕಟ್ಟೆಯ ಮೇಲೆ ಕೂತವರಿಗೂ ಅನ್ವಯಿಸುತ್ತದೆ.

ಭಾವ ಬೆಳಿಗ್ಗೆ ಗುಲಾಬಿಗೆ ನೀರು ಬಿಟ್ಟು ಬಂದು, ಕಾಫಿ ಕುಡಿಯುವ ಮೊದಲು ಬಾಗಿಲು ಹಾಕಿಕೊಂಡು ಠಣ್ಣೆನ್ನಿಸತೊಡಗಿದರು. ಕಾರ್ಖಾನೆಯ ಗ್ರೀಸನ್ನು ಒರೆಸಿ ತೆಳು ಎಣ್ಣೆ ಹಾಕಿದ್ದರು. ದಸರೆಯ ಹೊತ್ತಿಗೆ ಸ್ಲೈಡು ಸಾಕಷ್ಟು ಸಲೀಸಾಗಿತ್ತು. ಅಷ್ಟರಲ್ಲಿ ಆಯುಧ ಪೂಜೆ ಬಂತು.

ನಮ್ಮ ಕಡೆ ಆಯುಧ ಪೂಜೆಗೆ ಸ್ಪ್ರೇಯರ್ ಮೋಟಾರಿನಿಂದ ಮೊದಲುಗೊಂಡು ಬೋರ್‌ವೆಲ್ ಸ್ಟಾರ್ಟರ್ ತನಕ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಭಾವನ ತಾಯಿ ಪಿಸ್ತೂಲಿಗೂ ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿದರು. ಹಣೆ ಯಾವುದೆಂದು ತಿಳಿಯದೆ ಎಲ್ಲ ಕಡೆ ಹಚ್ಚಿದರು. ಗಂಧವನ್ನೂ ತೇಯ್ದು ಇಟ್ಟರು. ಅರಿಶಿನ, ಕುಂಕುಮ, ಗಂಧ ಮೂರೂ ಎಣ್ಣೆಯ ಜೊತೆ ಸೇರಿ ಸ್ಲೈಡಿನ ಕಾಲುವೆಯೊಳಗೆ ಹೋಗಿ ಒಣಗಿದವು. ಮಾರನೆಯ ದಿನ ಪಿಸ್ತೂಲು ಕಾರ್ಖಾನೆಯಿಂದ ಬಂದ ದಿನಕ್ಕಿಂತ ಬಿಗಿಯಾಗಿತ್ತು. ದೇವರ ವಿಚಾರವಾದ್ದರಿಂದ ಯಾರೂ ಮಾತಾಡಲಿಲ್ಲ. ಸುಬೇದಾರ್ ತಾತ ಕೈ ಬೆನ್ನಿಗೆ ಕಟ್ಟಿಕೊಂಡು ಕೂತು, ಭಾವನಿಂದಲೇ ಬಿಚ್ಚಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿಸಿದರು. ಪೂಜೆಯ ದಿನ ಒಂದು ಗುಂಡು ಗಾಳಿಯಲ್ಲಿ ಹಾರಿಸಿ ಎಂದು ಹುಡುಗರು ಕುಣಿದದ್ದೂ ಉಂಟು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಭಾವ ಬೂದುಗುಂಬಳ ಒಡೆದು ಸಂಭ್ರಮ ಮುಗಿಸಿದರು.

ಕೊಡಗಿನವರು ಇದನ್ನು ಓದಿದರೆ ನಕ್ಕಾರು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು ಇಟ್ಟು ನಳಿಗೆಗೆ ತೋಕ್‌ಪೂ ಹೂವನ್ನು ಸಿಕ್ಕಿಸುತ್ತಾರೆ. ಸ್ಲೈಡಿಗೆ ಗಂಧ ಮೆತ್ತುವುದಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬುದು ಅಲ್ಲಿನ ಪದ್ಧತಿ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಈಗಲೂ ನಡೆದುಕೊಂಡು ಬಂದಿದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವವರಿಗೂ ಪರವಾನಗಿ ಬೇಡ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿ ಹಿಡಿಯಿತು. ಅಲ್ಲಿ ಕೋವಿ ಮನೆಯ ಹಿರಿಯನ ಹಾಗೆ ಗೋಡೆಯ ಮೇಲೆ ಇರುತ್ತದೆ. ಅದರ ಬಿಗಿ ಸಡಿಲು ಹುಡುಗರಿಗೆ ಮೀಸೆ ಮೂಡುವ ಮೊದಲೇ ಗೊತ್ತು. ನಮ್ಮ ಬಯಲುಸೀಮೆಯಲ್ಲಿ ಪಿಸ್ತೂಲು ಬರುವುದು ದುಡ್ಡು ಬಂದಮೇಲೆ. ಹೊಸಕೋಟೆಯ ಬಳಿ 1768ರ ಆಗಸ್ಟಿನಲ್ಲಿ ಹೈದರಾಲಿ ರಾತ್ರೋರಾತ್ರಿ ಮರಾಠ ಸರದಾರ ಮುರಾರಿರಾಯನ ಪಾಳೆಯದ ಮೇಲೆ ಬಿದ್ದು ಕಾದಾಡಿದ್ದು ಉಂಟು. ಅಲ್ಲಿಂದೀಚೆಗೆ ನಾವು ಮಾಡಿದ್ದೆಲ್ಲ ಬದುವಿನ ಜಗಳ, ಅದಕ್ಕೆ ಗುದ್ದಲಿಯ ಹಿಡಿ ಸಾಕಾಗಿತ್ತು.

ಇನ್ನು ಚುನಾವಣೆ. ನೀತಿಸಂಹಿತೆ ಜಾರಿಯಾಗುತ್ತಲೂ ಪರವಾನಗಿ ಇರುವವರು ಆಯುಧ ತಂದು ಒಪ್ಪಿಸಿ ಎಂದು ಠಾಣೆಯಿಂದ ಹೇಳಿಕಳಿಸುತ್ತಾರೆ. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಭಾವ ಬಟ್ಟೆಯಲ್ಲಿ ಸುತ್ತಿ ಕೊಟ್ಟು ರಸೀದಿ ತರುತ್ತಾರೆ. ಊರಿನಲ್ಲಿ ನಿಜವಾಗಿ ಹೊಡೆದಾಟ ಆಗುವ ಕಾಲದಲ್ಲಿ ಪಿಸ್ತೂಲು ಪೊಲೀಸರ ಬಳಿ ಭದ್ರವಾಗಿರುತ್ತದೆ. ಇದು ಕಾನೂನಿನ ವಿವೇಕ. ವಾಪಸು ಬಂದಾಗ ಒಣಗಿ ಮತ್ತೆ ಬಿಗಿಯಾಗಿರುತ್ತದೆ. ಮತ್ತೆ ಎಣ್ಣೆ, ಮತ್ತೆ ಠಣ್ಣು.

ಇಷ್ಟೆಲ್ಲ ನೋಡಿದಮೇಲೆ ನನಗೆ ಆ ಬಿಗಿಯ ಮೇಲೆ ಗೌರವ ಹುಟ್ಟಿದೆ. ಭಾವನದು ಮುಂಗೋಪ. ಮಾತಿಗೆ ಮಾತು ಬಂದರೆ ಕೈಗೆ ಸಿಕ್ಕಿದ್ದನ್ನು ಎತ್ತುವ ಜಾತಿ. ಮಚ್ಚು ಎತ್ತಿದವನಿಗೆ ಎತ್ತಿದ್ದಕ್ಕೂ ಬೀಸಿದ್ದಕ್ಕೂ ನಡುವೆ ಉಸಿರಾಡುವಷ್ಟೂ ಸಮಯ ಇರುವುದಿಲ್ಲ. ಪಿಸ್ತೂಲು ಹಾಗಲ್ಲ. ಬೀರು ತೆಗೆಯಬೇಕು, ಮ್ಯಾಗಜೀನ್ ಇನ್ನೊಂದು ಕಡೆಯಿಂದ ತರಬೇಕು, ಆಮೇಲೆ ಎದೆಗೆ ಆನಿಸಿ ಮೈಯೆಲ್ಲ ಸೇರಿಸಿ ದೂಡಬೇಕು. ಆ ದೂಡುವ ಶ್ರಮದಲ್ಲಿ ಅರ್ಧ ಸಿಟ್ಟು ಇಳಿಯುತ್ತದೆ, ಉಳಿದರ್ಧ ಅಕ್ಕನ ದನಿಗೆ ಇಳಿಯುತ್ತದೆ. ಭಾವ ಒಮ್ಮೆ ಬದುವಿನ ಮಾತಿಗೆ ಸಿಡಿದೆದ್ದು ಒಳಗೆ ಹೋಗಿ, ಬೀಗದ ಕೈ ಹುಡುಕುತ್ತ ಹುಡುಕುತ್ತ ಕಾಫಿ ಕೇಳಿದ್ದನ್ನು ನಾನು ಕಂಡಿದ್ದೇನೆ. ಮನೆಯ ಮೊಮ್ಮಕ್ಕಳ ವಿಚಾರದಲ್ಲೂ ಅಷ್ಟೆ. ಎಳೆಯ ಕೈಗಳಿಗೆ ಆ ಸ್ಲೈಡು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ನಳಿಗೆಯಲ್ಲಿ ಮೊದಲೇ ಗುಂಡು ಕೂರಿಸಿ ಇಟ್ಟಿದ್ದರೆ ಎಂಥ ಬಿಗಿಯೂ ಮಗುವನ್ನು ಕಾಯುವುದಿಲ್ಲ. ಆಗ ಬೇಕಾದದ್ದು ಟ್ರಿಗರಿಗೆ ಒಂದು ಬೆರಳು ಮಾತ್ರ. ಬಿಗಿ ಕಾಯುವುದು ನಳಿಗೆ ಖಾಲಿ ಇದ್ದಾಗ ಮಾತ್ರ.

ಕೈಯಲ್ಲಿ ಶಕ್ತಿ ಕಡಿಮೆಯಾದವರು, ಕೀಲುನೋವಿನವರು ಏನು ಮಾಡಬೇಕು ಎಂದು ಕೇಳಬಹುದು. ಅವರಿಗೆ ರಿವಾಲ್ವರ್ ಇದೆ. ಅದಕ್ಕೆ ಸ್ಲೈಡೇ ಇಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದೇ ನಿರ್ಭೀಕ್ ಎಂಬ .32 ರಿವಾಲ್ವರ್ ತಂದಿತು, ತೂಕ ಅರ್ಧ ಕಿಲೋ, ಬೆಲೆ ಆಗ ಲಕ್ಷ ದಾಟಿತ್ತು. ಅದನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವಷ್ಟು ದುಡ್ಡಿರುವ ಹೆಂಗಸಿಗೆ ಕಾವಲಿಗೆ ಆಳೂ ಇರುತ್ತಾನೆ ಎಂದು ಆಗಲೇ ಜನ ಆಡಿಕೊಂಡರು. ನಮ್ಮಕ್ಕನಿಗೆ ಬೇಕೇ ಎಂದು ಕೇಳಿದೆ. "ನನಗೆ ಮುದ್ದೆ ಕೋಲು ಐತೆ" ಎಂದಳು.

ಪಿಸ್ತೂಲು ಕೊಳ್ಳಲು ಹೊರಟ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ಭಾವಂದಿರಿಗೆಲ್ಲ ನನ್ನದೊಂದು ಮಾತು. ದುಡ್ಡು ಎಣಿಸುವ ಮೊದಲು ಅಂಗಡಿಯಲ್ಲೇ ಖಾಲಿ ಪಿಸ್ತೂಲನ್ನು ಕೈಯಲ್ಲಿ ಹಿಡಿದು ಸ್ಲೈಡು ಹಿಂದಕ್ಕೆ ಬರುತ್ತದೆಯೇ ನೋಡಿ. ಬಾರದಿದ್ದರೆ ನಾಚಿಕೆ ಬೇಡ, ಬೇರೆಯದು ಕೇಳಿ. ಬಂದರೆ ಮನೆಗೆ ತಂದು ಒರೆಸಿ, ತೆಳು ಎಣ್ಣೆ ಹಾಕಿ, ಗುಂಡಿಲ್ಲದೆ ಅಭ್ಯಾಸ ಮಾಡಿ, ಎಳೆಯಬೇಡಿ, ದೂಡಿ. ಲೇಥಿನವರ ಹತ್ತಿರ ಹೋಗಬೇಡಿ. ಅರಿಶಿನ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ಪಿಸ್ತೂಲಿಗೆ ಬೇಡ. ಗುಂಡು ಒಂದು ಕಡೆ, ಪಿಸ್ತೂಲು ಒಂದು ಕಡೆ, ಬೀಗದ ಕೈ ಹೆಂಡತಿಯ ಸೆರಗಿನಲ್ಲಿ ಇರಲಿ. ನಮ್ಮ ಭಾವ ಇವತ್ತಿನ ತನಕ ಅದರಿಂದ ಯಾರ ಮೇಲೂ ಗುಂಡು ಹಾರಿಸಿಲ್ಲ. ಪಿಸ್ತೂಲು ಇಟ್ಟುಕೊಂಡವನ ಬಗ್ಗೆ ಹೇಳಬಹುದಾದ ಅತಿ ಒಳ್ಳೆಯ ಮಾತು ಅದೇ.